ಎಡಸೀಟಿನ ಬ್ರೇಕು

ಈ ಸಲ ಎಳ್ಳಮಾವಾಸ್ಯೆಗೆ ಅತ್ತೆಯ ಮನೆಗೆ ಹೋಗಿದ್ದೆವು. ನನ್ನ ಹೆಂಡತಿ ನೀಲಮ್ಮನ ತವರು ದೇವದುರ್ಗದ ಕಡೆಯ ಅರಕೇರಾ. ಭೂತಾಯಿಗೆ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲಿ, ಉಳಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಮರುದಿನ ಬೆಳಿಗ್ಗೆ ಮಾನ್ವಿ ಮೇಲೆ ಹಾಯ್ದು ರಾಯಚೂರಿಗೆ ಹೊರಟೆವು. ಕಾರು ನೀಲಮ್ಮ ಓಡಿಸುತ್ತಿದ್ದಳು, ನಾನು ಎಡಗಡೆ ಕೂತಿದ್ದೆ. ಮಾನ್ವಿ ಇನ್ನೂ ಸ್ವಲ್ಪ ದೂರವಿರುವಾಗ ಕಿಟಕಿಯಿಂದ ತೊಗರಿ ಹೊಟ್ಟಿನ ಧೂಳು ಒಳಗೆ ನುಗ್ಗಿತು. ಆ ಘಾಟು ಮೂಗಿಗೆ ಹತ್ತಿದರೆ ಎಲ್ಲರಿಗೂ ಸೀನು ಬರುತ್ತದೆ. ನನಗೆ ಸೀನಿಗಿಂತ ಮೊದಲು ಬಲಗಾಲಿನ ಮೀನಖಂಡ ಬಿಗಿಯುತ್ತದೆ. ತಲೆ ಎತ್ತಿ ನೋಡಿದರೆ ಅದೇ ಲೇಔಟು: ಡಾಂಬರು ರಸ್ತೆ, ಬಲ್ಬಿಲ್ಲದ ದೀಪದ ಕಂಬಗಳು, ಅಂಚಿಗೆಲ್ಲ ಜಾಲಿ, ಮನೆ ಮಾತ್ರ ಒಂದೂ ಇಲ್ಲ. ಎರಡು ವರ್ಷದ ಹಿಂದಿನ ಆ ಚಳಿಗಾಲವೆಲ್ಲ ಕಣ್ಣೆದುರು ಬಂತು.

ರಾಯಚೂರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಹದಿನೆಂಟು ವರ್ಷದಿಂದ ಮಾಸ್ತರ. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ನೂರು ಕುರಿಗಳನ್ನು ಒಂದು ಶಿಳ್ಳೆಯಲ್ಲಿ ನಿಲ್ಲಿಸುತ್ತಿದ್ದ. ನಾನು ಒಬ್ಬ ಮನುಷ್ಯನನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಲು ಗಂಟಲು ಹರಿದುಕೊಳ್ಳುತ್ತೇನೆ. ನಮ್ಮ ಸ್ಕೂಲಿನ ಕಾರಿನಲ್ಲಿ ಕಲಿಯುವವರಿಗೆ ಬಲಗಡೆ ಮೂರು ಪೆಡಲಿದ್ದರೆ, ಎಡಗಡೆ ಕೂರುವ ನನಗೂ ಎರಡಿವೆ, ಕ್ಲಚ್ಚು ಮತ್ತು ಬ್ರೇಕು. ಆ ಬ್ರೇಕೇ ನನ್ನ ಹೊಟ್ಟೆಪಾಡು, ಅದೇ ನನ್ನ ಆಯುಷ್ಯ. ಅದನ್ನು ಒತ್ತಿ ಒತ್ತಿ ನನ್ನ ಬಲ ಚಪ್ಪಲಿ ಎಡದ್ದಕ್ಕಿಂತ ಬೇಗ ಸವೆಯುತ್ತದೆ ಎಂದು ನೀಲಮ್ಮ ನಗುತ್ತಿರುತ್ತಾಳೆ.

ಆ ವರ್ಷ ಹತ್ತಿ ಬಿಡಿಸುವ ದಿನಗಳಲ್ಲಿ ವೀರೇಶ ಸ್ಕೂಲಿಗೆ ಬಂದ. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮೂವತ್ತೈದರ ಗಂಡಸು, ನನ್ನ ಕೈಕೆಳಗೇ ಸ್ಟೇರಿಂಗ್ ಹಿಡಿಯಲು ಕಲಿತವನು. ಚೆನ್ನೈ ಕಡೆ ಹೋಗಿ ರೇಸಿನ ಟ್ರ್ಯಾಕಿನಲ್ಲಿ ತನ್ನ ಸ್ವಂತ ಕಾರು ಓಡಿಸಿ ಬಂದಿದ್ದ. ಅದಕ್ಕೆ ಟ್ರ್ಯಾಕ್ ಡೇ ಅನ್ನುತ್ತಾರಂತೆ. ಪಂದ್ಯವಲ್ಲ, ಸೋಲು ಗೆಲುವಿಲ್ಲ. ಹವ್ಯಾಸಿಗಳು ಮನೆಯ ಕಾರು ತಂದು ಮನಸಾರೆ ಓಡಿಸುವುದು, ಪಕ್ಕದಲ್ಲಿ ತಿಳಿದವನೊಬ್ಬ ಕೂತು ಹೇಳಿಕೊಡುವುದು, ಅಷ್ಟೇ.

"ಮಾಸ್ತರ್, ನಮ್ಮ ಸೋದರಮಾವನ ಲೇಔಟ್ ಖಾಲಿ ಬಿದ್ದದ. ಡಾಂಬರ್ ಅದ, ತಿರುವು ಅವ, ಅಡ್ಡ ಬರಾಕ ಒಂದು ಮನಿ ಇಲ್ಲ. ಪೊಲೀಸ್ರ ಪರವಾನಗಿ ತಗೊಂಡೀನಿ. ಹೈವೇದಾಗ ಹಾರಸೋ ಮಂದಿ ಇಲ್ಲಿ ಬಂದು ಹಾರಸಲಿ. ನೀವು ಬಾಜೂಕ ಕುಂತು ಕಲಸ್ರಿ."

ನಾನು ಕೇಳಿದ್ದು ಒಂದೇ ಮಾತು. "ಎಡಗಡಿ ಬ್ರೇಕ ಇರ್ತದೇನು?"

"ಅವ್ರವ್ರ ಕಾರ ಅವ್ರವ್ರು ತರ್ತಾರ. ಎಡಗಡಿ ಬ್ರೇಕ ಎಲ್ಲಿಂದ ಬರಬೇಕ್ರಿ? ದೊಡ್ಡ ದೊಡ್ಡ ಟ್ರ್ಯಾಕಿನ್ಯಾಗೂ ಇರಂಗಿಲ್ಲ."

ಆಗುವುದಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅದರ ಹಿಂದಿನ ವರ್ಷ ನನ್ನ ಬಳಿ ಕಲಿತ ಒಬ್ಬ ಹೆದ್ದಾರಿಯಲ್ಲಿ ಹೋಗಿಬಿಟ್ಟಿದ್ದ. ಒಳ್ಳೆಯ ಕಲಿಕೆಗಾರ, ನಾನು ಹೇಳಿದ್ದನ್ನೆಲ್ಲ ಮಾಡುತ್ತಿದ್ದ. ನಾನು ಅವನಿಗೆ ಕಲಿಸಿದ್ದು ನಲವತ್ತರ ವೇಗ. ಅವನು ಸತ್ತದ್ದು ತೊಂಬತ್ತರಲ್ಲಿ. ಟೈರು ಜಾರಿದಾಗ ಏನು ಮಾಡಬೇಕೆಂದು ನಾನು ಯಾರಿಗೂ ಕಲಿಸಿರಲಿಲ್ಲ, ಕಲಿಸಲು ಜಾಗವೂ ಇರಲಿಲ್ಲ. ಈಗ ಜಾಗ ಸಿಕ್ಕಿತ್ತು. ಒಪ್ಪಿಕೊಂಡೆ.

ಮನೆಯಲ್ಲಿ ಮಾತ್ರ ಸುಳ್ಳು ಹೇಳಿದೆ. ಭಾನುವಾರ ಮಾನ್ವಿಯ ಗಿರಣಿಯ ಲಾರಿ ಚಾಲಕರಿಗೆ ರಿವರ್ಸ್ ಕಲಿಸುವ ಕೆಲಸ ಎಂದೆ. ನೀಲಮ್ಮ ನಂಬಿದಳು. ನೀರಮಾನ್ವಿ ಎಲ್ಲಮ್ಮನ ಭಂಡಾರದ ಅರಿಸಿನವನ್ನು ಒಂದು ಚೂರು ಕಾಗದದಲ್ಲಿ ಕಟ್ಟಿ ಅಂಗಿಯ ಜೇಬಿಗೆ ಹಾಕಿದಳು. ಹತ್ತನೆಯ ತರಗತಿಯ ಮಗಳು ಪುಸ್ತಕದಿಂದ ತಲೆ ಎತ್ತದೆ "ಲಗೂನ ಬಾ ಅಪ್ಪಾ" ಅಂದಳು. ಆ ಎರಡನ್ನೂ ಹೊತ್ತುಕೊಂಡು ನಾನು ಮೊದಲ ಭಾನುವಾರ ಲೇಔಟಿಗೆ ಹೋದೆ.

ಅಂದು ಆರು ಕಾರು ಬಂದಿದ್ದವು. ರಾಯಚೂರಿನಿಂದ ಮೂರು, ದೇವದುರ್ಗದಿಂದ ಒಂದು, ಉಳಿದವು ಮಾನ್ವಿಯವು. ಕಲಿಸುವ ಮೊದಲು ರಸ್ತೆಯ ಗುಣ ತಿಳಿಯಲೆಂದು ವೀರೇಶ ಕೊಟ್ಟ ರೇಸಿನ ಹೆಲ್ಮೆಟ್ಟು ಹಾಕಿಕೊಂಡು, ಅವನ ಕಾರು ತೆಗೆದುಕೊಂಡು ಒಬ್ಬನೇ ಹೊರಟೆ. ಹದಿನಾರು ವರ್ಷ ನಲವತ್ತು ದಾಟದವನು ನಾನು. ಮೂರನೆಯ ಸುತ್ತಿಗೆ ಕಾರು ತಿರುವಿನಲ್ಲಿ ಹೊರಳುವ ರೀತಿ ತೊಡೆಗೆ, ಬೆನ್ನಿಗೆ ಗೊತ್ತಾಗತೊಡಗಿತು. ಐದನೆಯ ಸುತ್ತಿಗೆ ಹೆಲ್ಮೆಟ್ಟಿನೊಳಗೆ ಒಬ್ಬನೇ ನಗುತ್ತಿದ್ದೆ. ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ. ಅಪಾಯವಿತ್ತು ನಿಜ, ಆದರೆ ಅದು ನನ್ನ ಕೈಯಲ್ಲಿತ್ತು, ನನ್ನ ಕಾಲಡಿಯಲ್ಲಿತ್ತು. ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಬಹುದಿತ್ತು, ಸಾಕೆನಿಸಿದಲ್ಲಿ ಬಿಡಬಹುದಿತ್ತು.

ಆಮೇಲೆ ಎಡಗಡೆ ಕೂತೆ. ಅದೇ ರಸ್ತೆ, ಅದೇ ತಿರುವು, ಆದರೆ ಅಪಾಯ ಈಗ ಬೇರೆಯವರ ಕಾಲಿನಲ್ಲಿತ್ತು. ತಿರುವು ಎದುರಿಗೆ ಬಂದ ಕೂಡಲೇ ನನ್ನ ಬಲಗಾಲು ತಾನಾಗಿ ಒತ್ತಿತು. ಕೆಳಗೆ ಏನೂ ಇಲ್ಲ, ಬರೀ ಮ್ಯಾಟು. ಕಾಲಿಗೆ ಹೇಳಿದೆ, ಅದು ಕೇಳಲಿಲ್ಲ. ಸಂಜೆ ಬಸ್ಸಿನಲ್ಲಿ ವಾಪಸಾಗುವಾಗ ಮೀನಖಂಡ ಕಲ್ಲಾಗಿತ್ತು. ಯಾರಿಗೂ ಹೇಳಲಿಲ್ಲ, ಮಾಸ್ತರನೇ ಹೆದರಿದ ಅಂದರೆ ಮರ್ಯಾದೆ ಉಳಿಯುತ್ತದೆಯೇ?

ಬಂದವರಲ್ಲಿ ನನಗೆ ಅತಿ ಪ್ರೀತಿಯವರು, ಅತಿ ಭಯ ಹುಟ್ಟಿಸಿದವರೂ ಅವರೇ, ಮಾನ್ವಿಯ ಬಟ್ಟೆ ಅಂಗಡಿಯ ಶರಣಪ್ಪನವರು. ವಯಸ್ಸು ಐವತ್ತು ದಾಟಿತ್ತು. ಅಂಗಡಿಯಲ್ಲಿ ಒಂದು ಕುಬುಸದ ಕಣಕ್ಕೆ ಇಪ್ಪತ್ತು ಥಾನು ಬಿಚ್ಚಿ ತೋರಿಸುವಷ್ಟು ತಾಳ್ಮೆ, ಸ್ಟೇರಿಂಗ್ ಹಿಡಿದರೆ ಎಲ್ಲಿ ಹೋಗುತ್ತಿತ್ತೋ. ಪ್ರತಿ ತಿರುವಿಗೆ "ಶಿವಾ" ಎಂದು ಕಾರನ್ನು ಶಿವನಿಗೆ ಒಪ್ಪಿಸಿಬಿಡುತ್ತಿದ್ದರು. ಹೆಲ್ಮೆಟ್ಟು ತೆಗೆದಾಗಲೆಲ್ಲ ಹಣೆಯ ವಿಭೂತಿ ಅಳಿಸಿರುತ್ತಿತ್ತು. ಕನ್ನಡಿ ನೋಡಿ ಮತ್ತೆ ಮೂರು ಗೆರೆ ಎಳೆದುಕೊಂಡು, "ಇನ್ನೊಂದು ಸುತ್ತು ಹೋಗಿ ಬರೋಣ್ರಿ ಮಾಸ್ತರ್" ಅನ್ನುತ್ತಿದ್ದರು.

"ಶಿವನ ಪಾಲಿಗೆ ಬ್ಯಾರೆ ಕೆಲಸ ಅವ ಶರಣಪ್ಪನೋರ. ಬ್ರೇಕ ನೀವ ಹಿಡೀರಿ" ಎಂದರೆ ನಕ್ಕು ಹೌದು ಹೌದು ಅನ್ನುವರು. ಆದರೆ ಕಲಿಯುತ್ತಿದ್ದರು. ಡಿಸೆಂಬರ್ ಮುಗಿಯುವ ಹೊತ್ತಿಗೆ ತಿರುವಿಗೆ ಮೊದಲೇ ವೇಗ ಇಳಿಸುವುದು, ತಿರುವಿನಲ್ಲಿ ಬ್ರೇಕು ಮುಟ್ಟದಿರುವುದು ಅವರಿಗೆ ಬಂದಿತ್ತು. ಮಾನ್ವಿ ರಸ್ತೆಯಲ್ಲಿ ಈಗ ಮೊದಲಿಗಿಂತ ನಿಧಾನ ಹೋಗುತ್ತಾರೆ ಎಂದು ಅವರ ಮನೆಯವರು ಹೇಳಿಕಳಿಸಿದ್ದರು. ಅದು ಕೇಳಿದ ದಿನ ಸುಳ್ಳು ಹೇಳಿದ್ದೂ ಸಾರ್ಥಕ ಅನಿಸಿತು.

ಎಳ್ಳಮಾವಾಸ್ಯೆ ಕಳೆದ ಮೇಲಿನ ಭಾನುವಾರ ಮಂಜು ಬಿದ್ದು ಶುರುವಾಗುವುದು ತಡವಾಗಿತ್ತು. ಪ್ರತಿ ಸಲ ಮೊದಲು ನಾನು ರಸ್ತೆಯ ಸುತ್ತ ಒಮ್ಮೆ ನಡೆದು ನೋಡುವುದು ರೂಢಿ. ಅಂದು ವೀರೇಶ, "ನಿನ್ನಿ ಮಧ್ಯಾಹ್ನ ನೋಡೀನಿ ಮಾಸ್ತರ್, ರೋಡ್ ಸಾಫ್ ಅದ" ಅಂದ. ನಾನು ಸರಿ ಅಂದೆ. ಆ ಸರಿ ನನ್ನದು. ಬೇರೆ ಯಾರ ಮೇಲೂ ಅದನ್ನು ಹಾಕುವುದಿಲ್ಲ.

ಮೊದಲ ಕಾರು ಶರಣಪ್ಪನವರದು. ಜಾಲಿ ಮರೆಯ ತಿರುವು ಬಂತು, "ಶಿವಾ" ಅಂದರು, ಚೆನ್ನಾಗಿಯೇ ತಿರುಗಿಸಿದರು. ತಿರುವು ಮುಗಿದಲ್ಲಿ ರಸ್ತೆಯ ತುಂಬ ತೊಗರಿ ಕಟ್ಟಿಗೆ ಹಾಸಿತ್ತು. ಒಣಗಿದ ಕಾಯಿ ಚಟಚಟ ಒಡೆದು ಕಾಳು ಟೈರಿನಡಿ ಉರುಳತೊಡಗಿದವು. ಶರಣಪ್ಪನವರು ಕಲಿತದ್ದೆಲ್ಲ ಮರೆತು ಬ್ರೇಕು ತುಳಿದರು. "ಬ್ರೇಕ ಬಿಡ್ರಿ!" ಎಂದು ನಾನು ಕೂಗಿದೆ. ಕೂಗಿದ ನಾನೇ ಇಲ್ಲದ ಬ್ರೇಕನ್ನು ಮೈಯೆಲ್ಲ ಹಾಕಿ ಒತ್ತುತ್ತಿದ್ದೆ. ಕಾರು ಅಡ್ಡ ತಿರುಗಿ ನನ್ನ ಮಗ್ಗುಲಿನಿಂದಲೇ ಜಾರುತ್ತ ಹೋಯಿತು. ದೀಪದ ಕಂಬ ಕಿಟಕಿಯಲ್ಲಿ ದೊಡ್ಡದಾಗುತ್ತ ಬಂತು. ಮಗಳು ಲಗೂನ ಬಾ ಅಂದದ್ದು ನೆನಪಾಯಿತು. ಕಾರು ನಿಂತಿತು.

ನನ್ನ ಬಾಗಿಲಿಗೂ ಕಂಬಕ್ಕೂ ನಡುವೆ ಒಂದು ಗೇಣು ಜಾಗ. ಬಾಗಿಲು ತೆರೆಯಲಾಗಲಿಲ್ಲ. ಶರಣಪ್ಪನವರು ಇಳಿದ ಮೇಲೆ ಅವರ ಕಡೆಯಿಂದ ತೆವಳಿ ಹೊರಬಂದೆ. ಅಷ್ಟರಲ್ಲಿ ಜಾಲಿಯ ಹಿಂದಿನಿಂದ ಮೊರ ಹಿಡಿದ ಒಬ್ಬ ಮುದುಕಿ ಬಂದಳು. ಪಕ್ಕದ ಹೊಲದ ದುರುಗಮ್ಮ.

"ಯಾಕ ನಿಂದ್ರಿಸಿದ್ರಿ ಯಪ್ಪಾ? ಇನ್ನಾ ನಾಕು ಸುತ್ತು ಹೊಡೀರಿ, ಕಾಯಿ ಪೂರಾ ಒಡದಿಲ್ಲ" ಅಂದಳು.

"ಯವ್ವಾ, ಇಲ್ಲಿ ಯಾಕ ಹಾಕಿದಿ ಇದನ್ನ?"

"ಐತಾರಕ್ಕೊಮ್ಮಿ ನೀವು ಗರಗರ ತಿರಗತೀರಿ. ಹೆಂಗೂ ತಿರಗೋರು ನನ್ನ ತೊಗರಿ ಮ್ಯಾಲ ತಿರಗಲಿ ಅಂತ ನಸಿಕಿನ್ಯಾಗ ಬಂದು ಹಾಕೀನಿ. ತಪ್ಪಾತೇನು?"

ಅವಳ ಮೇಲೆ ಸಿಟ್ಟು ಬರಲಿಲ್ಲ. ಡಾಂಬರು ಕಂಡಲ್ಲಿ ರಾಶಿ ಹಾಕುವುದು ನಮ್ಮ ಕಡೆಯ ಮಂದಿಗೆ ಉಸಿರಾಡಿದಷ್ಟು ಸಹಜ. ಚಿಕ್ಕಂದಿನಲ್ಲಿ ನಾನೇ ಅಜ್ಜಿಯ ಜೊತೆ ಹುರುಳಿ ಹಾಸಿ ಬಸ್ಸಿನ ದಾರಿ ಕಾಯುತ್ತಿದ್ದೆ. ಕುರಿ ಮಂದೆ ಬಂದೀತು, ನಾಯಿ ಬಂದೀತು ಎಂದು ಎಲ್ಲ ಲೆಕ್ಕ ಹಾಕಿದ್ದ ನನಗೆ, ಹಂಗಾಮಿನಲ್ಲಿ ರಸ್ತೆಗೆ ತೊಗರಿ ಬರುತ್ತದೆ ಎಂಬುದೇ ಹೊಳೆದಿರಲಿಲ್ಲ. ಅವತ್ತು ನಡೆದು ನೋಡಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು.

ಮನೆಗೆ ಹೋಗಿ ಅಂಗಿ ಬಿಚ್ಚಿದಾಗ ನೀಲಮ್ಮ ನೋಡಿದಳು. ಹೆಗಲಿನಿಂದ ಎದೆಗೆ ಅಡ್ಡವಾಗಿ ಸೀಟ್ ಬೆಲ್ಟಿನ ಗುರುತು ಕಂದಿಹೋಗಿತ್ತು.

"ಲಾರಿ ರಿವರ್ಸ್ ಹೊಡದ್ರ ಹಿಂಗ ಆಗ್ತದೇನ್ರಿ?" ಎಂದಳು.

ಎಲ್ಲ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ, ಇನ್ನು ಹೋಗಕೂಡದು ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕೊಬ್ಬರಿ ಎಣ್ಣೆ ತಂದು ಗುರುತಿಗೆ ಹಚ್ಚತೊಡಗಿದಳು. ಸುಳ್ಳು ಹೇಳಿದ್ದು ಬೆಲ್ಟಿನ ಗುರುತಿಗಿಂತ ಹೆಚ್ಚು ನೋಯುತ್ತಿದೆ ಎಂದು ಅವಳ ಬೆರಳಿನಲ್ಲೇ ಗೊತ್ತಾಗುತ್ತಿತ್ತು. ನನಗೆ ನಾಚಿಕೆಯಾಯಿತು. ಕೊನೆಗೆ ಅಂದಳು:

"ಹೋಗಬ್ಯಾಡ್ರಿ ಅನ್ನಂಗಿಲ್ಲ. ಸತ್ತ ಆ ಹುಡುಗನ ಸುದ್ದಿ ಬಂದಾಗ ಎರಡು ದಿನ ನೀವು ಉಣ್ಣಲಿಲ್ಲ, ನಾ ನೋಡೀನಿ. ಆದ್ರ ನೀವು ಕುಂದ್ರೋ ಜಾಗದಾಗ ನನ್ನ ಒಮ್ಮಿ ಕುಂದರಸ್ರಿ. ಆಮ್ಯಾಲ ಮಾತಾಡೋಣು."

ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಹೋದೆ. ರಸ್ತೆ ಪೂರ್ತಿ ನಡೆದು ನೋಡಿದೆ, ಕಸಬರಿಗೆ ಹಿಡಿದು ಕೊನೆಯ ಕಾಳಿನವರೆಗೆ ಗುಡಿಸಿದೆ. ವೀರೇಶನ ಕಾರಿಗೆ ಅವಳನ್ನು ಹತ್ತಿಸಿ, ಹೆಲ್ಮೆಟ್ಟು ಹಾಕಿಸಿ ಬೆಲ್ಟು ಬಿಗಿದೆ. ನಿಧಾನ ಹೋಗುವವನಿದ್ದೆ. "ಶರಣಪ್ಪನೋರು ಹೊಡದಂಗ ಹೊಡೀರಿ. ಇಲ್ಲಂದ್ರ ನನಗ ಹೆಂಗ ತಿಳೀಬೇಕು?" ಅಂದಳು. ಹೊಡೆದೆ. ಜಾಲಿ ತಿರುವಿಗೆ ಬಂದಾಗ ಕಣ್ಣಂಚಿನಲ್ಲಿ ಅವಳ ಕಾಲು ಕಂಡಿತು. ಕಾರು ಓಡಿಸಲು ಬಾರದವಳು, ಒಮ್ಮೆಯೂ ಪೆಡಲು ಮುಟ್ಟದವಳು. ಕಾಲುಂಗುರದ ಬೆರಳು ಮಡಚಿ, ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ, ಬಲಗಾಲಿನಿಂದ ಆ ಮ್ಯಾಟನ್ನು ಒತ್ತುತ್ತಿದ್ದಳು.

ಕಾರು ನಿಲ್ಲಿಸಿದೆ. ಹೆಲ್ಮೆಟ್ಟು ತೆಗೆದು ಉಸಿರು ಬಿಟ್ಟಳು.

"ಇಲ್ಲಿ ಏನೂ ಇಲ್ಲೇನ್ರಿ ಒತ್ತಾಕ?"

"ಇಲ್ಲ."

"ನೀವೂ ಒತ್ತತೀರಿ?"

"ಪ್ರತಿ ಸುತ್ತೂ."

ವೀರೇಶ ನಗುತ್ತ ಹತ್ತಿರ ಬಂದ. "ಹೆಂಗದ ಅಕ್ಕಾ?" ಎಂದ. "ಛಲೋ ಅದ ತಮ್ಮಾ, ಆ ಕಡಿ ಕುಂತವ್ರಿಗಿ ಭಾಳ ಛಲೋ ಇರಬೇಕು. ಈ ಕಡಿ ನೀ ಎಂದರ ಕುಂತೀಯೇನು?" ಎಂದು ಕೇಳಿದಳು. ಮುಂದಿನ ಮಾತು ನಾನು ಆಡಬೇಕಿತ್ತು, ಆಡಿದೆ.

"ವೀರೇಶ, ಇನ್ನ ಎಡಗಡಿ ಬ್ರೇಕ ಇಲ್ಲದ ಕಾರಿನ್ಯಾಗ ನಾ ಕುಂದರಂಗಿಲ್ಲ. ನಿನ್ನ ಕಾರಿಗಿ ಹಾಕಸು. ಕಲಿಯೋರೆಲ್ಲ ಅದರಾಗ ಕಲೀಲಿ. ನಾ ಸಾಕು ಅಂದಮ್ಯಾಲ ತಮ್ಮ ಕಾರ ತಗೀಲಿ."

"ನನ್ನ ಕಾರಿಗೇನ್ರಿ? ಡ್ರೈವಿಂಗ್ ಸ್ಕೂಲ್ ಕಾರ ಅಂತ ಮಂದಿ ನಗ್ತಾರ. ಒಮ್ಮಿ ಜಾರಿದ್ದಕ್ಕ ಹಿಂದ ಸರದ್ರಿ ನೀವು."

"ನಾ ಸರದಿಲ್ಲಪ್ಪ. ಕಂಬ ಒಂದು ಗೇಣು ಸರದು ನಿಂತಿತ್ತು, ಅದಕ್ಕ ಮಾತಾಡಾಕತ್ತೀನಿ."

ಮಾತು ಮುರಿಯಿತು. ದಾರಿಯಲ್ಲಿ ನಾನು ಎರಡೂ ಕಡೆ ತೂಗಿ ನೋಡಿದೆ. ನಾನು ಬಿಟ್ಟರೂ ಅವರು ಓಡಿಸುತ್ತಾರೆ, ಹೇಳುವವರಿಲ್ಲದೆ ಇನ್ನೂ ಕೆಟ್ಟದಾಗಿ ಓಡಿಸುತ್ತಾರೆ. ನಾನು ಕೂತರೆ ಅವರು ಕಲಿಯುತ್ತಾರೆ, ಆದರೆ ಯಾವುದೋ ಒಂದು ಭಾನುವಾರ ಕಂಬ ಒಂದು ಗೇಣು ಹತ್ತಿರ ಇರುತ್ತದೆ. ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂದು ಯಾರು ಹೇಳಿದರು? ಮುಂದಿನ ಎರಡು ಭಾನುವಾರ ನಾನು ಆ ಸೀಟಿನಲ್ಲಿ ಕೂರಲಿಲ್ಲ, ಮನೆಯಲ್ಲೂ ಕೂರಲಿಲ್ಲ. ಕಸಬರಿಗೆ ಮತ್ತು ಒಂದು ಕೆಂಪು ಟವೆಲ್ಲು ಹಿಡಿದು ಜಾಲಿ ತಿರುವಿನ ಒಳಮಗ್ಗುಲಲ್ಲಿ ನಿಂತೆ. ರಸ್ತೆ ಗುಡಿಸಿದೆ, ನಾನು ಟವೆಲ್ಲು ಇಳಿಸುವ ತನಕ ಒಂದು ಕಾರೂ ಹೊರಡದ ಹಾಗೆ ಮಾಡಿದೆ. "ಮಾಸ್ತರಿಗಿ ಪುರಸಭಾದಾಗ ನೌಕರಿ ಆತು" ಎಂದು ರಾಯಚೂರಿನವರು ಚೇಷ್ಟೆ ಮಾಡಿದರು. ಮಾಡಿಕೊಳ್ಳಲಿ ಎಂದು ಬಿಟ್ಟೆ.

ದುರುಗಮ್ಮನ ಜೊತೆಗೂ ಒಪ್ಪಂದವಾಯಿತು. ವೇಗವಾಗಿ ಓಡಿದ ಕಾರನ್ನು ತಟ್ಟನೆ ನಿಲ್ಲಿಸಬಾರದು, ಬ್ರೇಕು ಆರಲು ಕೊನೆಗೊಂದು ಸುತ್ತು ನಿಧಾನ ಓಡಿಸಬೇಕು. ಆ ಸುತ್ತು ಲೇಔಟಿನ ಹಿಂದಿನ ಓಣಿಯಲ್ಲಿ, ಅವಳ ತೊಗರಿಯ ಮೇಲೆ. ಕಾರುಗಳು ಸಾಲಾಗಿ ಎತ್ತಿನ ನಡಿಗೆಯಲ್ಲಿ ತೊಗರಿ ತುಳಿಯುವುದನ್ನು ನೋಡಿ ಅವಳು, "ಹಿಂಗ ಹೊಡೀಬೇಕು ನೋಡು ಗಾಡಿ" ಎಂದು ನನ್ನ ಬೆನ್ನು ತಟ್ಟಿದಳು.

ಎರಡನೆಯ ಭಾನುವಾರ ಶರಣಪ್ಪನವರು ಕಾರು ಹತ್ತಲೊಪ್ಪದೆ ನಿಂತರು. "ಮಾಸ್ತರ್ ಇಲ್ದ ನಾ ಒಲ್ಲೆ. ವೀರೇಶಪ್ಪ, ನೀ ಬಾ ಬಾಜೂಕ" ಅಂದರು. ಎಲ್ಲರೆದುರು ಕರೆದಿದ್ದರಿಂದ ವೀರೇಶ ಒಲ್ಲೆನ್ನಲಾಗದೆ ಕೂತ. ಕಾರು ನನ್ನ ತಿರುವು ದಾಟಿದಾಗ ಕಿಟಕಿಯಲ್ಲಿ ಅವನ ಮುಖ ಕಂಡೆ. ಇಳಿದು ನನ್ನ ಬಳಿ ಬಂದವನು ಬಗ್ಗಿ ತನ್ನ ಬಲ ಮೀನಖಂಡ ತಿಕ್ಕಿಕೊಂಡ. ಬುಧವಾರ ಬೆಳಿಗ್ಗೆ ಅವನ ಕಾರು ನಮ್ಮ ಸ್ಕೂಲಿನ ಮುಂದೆ ಬಂದು ನಿಂತಿತು.

"ಹಾಕ್ರಿ ಮಾಸ್ತರ್. ನಗೋರು ನಗಲಿ" ಅಂದ.

ಶಿವರಾತ್ರಿಗೆ ಮೊದಲಿನ ಭಾನುವಾರ ಆ ಹಂಗಾಮಿನ ಕೊನೆಯದು. ಬಿಸಿಲು ಏರತೊಡಗಿತ್ತು, ಹತ್ತು ಗಂಟೆಗೇ ಡಾಂಬರು ಬಿಸಿಯಾಗುತ್ತಿತ್ತು. ಅಂದು ಒಬ್ಬೊಬ್ಬರನ್ನೇ ವೀರೇಶನ ಕಾರಿನ ಸ್ಟೇರಿಂಗಿಗೆ ಕೂರಿಸಿ ನಾನು ಎಡಗಡೆ ಕೂತೆ. ಕಾಲಡಿಯಲ್ಲಿ ಪೆಡಲಿತ್ತು. ವಿಚಿತ್ರವೆಂದರೆ, ಅದು ಇದ್ದ ದಿನ ನನ್ನ ಕಾಲು ಅದರ ಮೇಲೆ ತೆಪ್ಪಗೆ ಕೂತಿತ್ತು. ಕಣ್ಣು ರಸ್ತೆಯನ್ನು ನೋಡಿತು, ಕಿವಿ ಟೈರಿನ ಸದ್ದು ಕೇಳಿತು, ಹೇಳಬೇಕಾದ ಮಾತು ಹೊತ್ತಿಗೆ ಸರಿಯಾಗಿ ಬಾಯಿಗೆ ಬಂತು. ಶರಣಪ್ಪನವರು ಇಳಿದು ವಿಭೂತಿ ಸರಿಮಾಡಿಕೊಳ್ಳುತ್ತ, "ಇವತ್ತ ನೀವು ಒದರಲೇ ಇಲ್ಲಲ್ರಿ" ಎಂದರು. ಅಲ್ಲಿಯತನಕ ನಾನು ಕಲಿಸುತ್ತಿದ್ದೇನೆ ಅಂದುಕೊಂಡದ್ದರಲ್ಲಿ ಅರ್ಧ ನನ್ನ ಹೆದರಿಕೆಯ ಕೂಗಾಟವೇ ಆಗಿತ್ತು.

ಮನೆಗೆ ಬಂದಾಗ ನೀಲಮ್ಮ ಕೇಳಿದ್ದು ಒಂದೇ. "ಎಷ್ಟು ಸಲ ಒತ್ತಿದ್ರಿ?"

"ಒಮ್ಮಿನೂ ಇಲ್ಲ."

"ಹಂಗಾರ ಬರೋ ವರ್ಷನೂ ಹೋಗ್ರಿ" ಎಂದಳು. ರೊಟ್ಟಿ ತಟ್ಟುವ ಕೈ ನಿಲ್ಲಿಸಿ ಮತ್ತೊಂದು ಮಾತು ಸೇರಿಸಿದಳು. "ನನಗೂ ಕಲಸ್ರಿ. ಊರಿಗೆಲ್ಲಾ ಕಲಸೀರಿ, ಮನಿಯಾಕಿಗಿ ಕಲಸಾಕ ಏನ ಧಾಡಿ?"

ಅಲ್ಲಿಂದೀಚೆಗೆ ಪ್ರತಿ ಚಳಿಗಾಲ ಹೋಗುತ್ತೇನೆ. ಅಪಾಯವಿಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಂದು ಪೆಡಲು ಹಾಕಿಸಿದರೆ ಕಂಬ ಮೆತ್ತಗಾಗುವುದಿಲ್ಲ. ರಸ್ತೆ ನಡೆದು ನೋಡದ ದಿನ ಓಡಿಸುವುದಿಲ್ಲ, ಬ್ರೇಕಿಲ್ಲದ ಸೀಟಿನಲ್ಲಿ ಕೂರುವುದಿಲ್ಲ, ಮನೆಯಲ್ಲಿ ಸುಳ್ಳು ಹೇಳಿ ಹೊರಡುವುದಿಲ್ಲ. ಈ ಮೂರು ನಡೆಯುವ ತನಕ ಹೋಗುತ್ತೇನೆ, ಒಂದು ತಪ್ಪಿದರೂ ಬಿಡುತ್ತೇನೆ.

ಮೊನ್ನೆ ಅರಕೇರಾದಿಂದ ಬರುವಾಗ ಆ ಲೇಔಟು ಹಿಂದೆ ಸರಿದು ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಮುಂದಿನ ತಿರುವು ದಾಟುತ್ತಲೇ ರಸ್ತೆಯ ಅರ್ಧಕ್ಕೆ ಯಾರೋ ತೊಗರಿ ಹಾಸಿದ್ದು ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ನೀಲಮ್ಮ ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದಳು. ಸ್ಟೇರಿಂಗ್ ಅಲುಗಿಸದೆ, ಬ್ರೇಕು ತುಳಿಯದೆ, ಗೇರು ಇಳಿಸಿ ಎತ್ತಿನ ನಡಿಗೆಗೆ ಬಂದಳು. ಟೈರಿನಡಿ ಕಾಯಿಗಳು ಚಟಚಟ ಒಡೆಯತೊಡಗಿದವು. ಇದು ನಮ್ಮ ಸ್ವಂತ ಕಾರು, ಇದರಲ್ಲಿ ಎಡಗಡೆ ಪೆಡಲಿಲ್ಲ. ಆದರೂ ನನ್ನ ಬಲಗಾಲು ಮ್ಯಾಟನ್ನು ಒತ್ತಿ ಹಿಡಿದಿತ್ತು.

ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಕಾಲ ತಗೀರಿ" ಎಂದಳು. "ಬ್ರೇಕ ನನ್ನ ಕಾಲಾಗ ಅದ."

ತೆಗೆದೆ.